ಜಿಪ್ ಬಿಚ್ಚಿಕೊಳ್ಳುತ್ತಿಲ್ಲವೇ? ಕೆಟ್ಟಿರುವುದು ಎಲ್ಲಿ ಎಂದು ಪತ್ತೆ ಹಚ್ಚುವ ಕ್ರಮ

ಜಿಪ್ ಫೈಲ್, ಅಂದರೆ ಹಲವು ಫೈಲುಗಳನ್ನು ಕುಗ್ಗಿಸಿ ಒಂದಾಗಿ ಕಟ್ಟಿದ ಫೈಲ್, ತೆರೆಯದಿದ್ದಾಗ ಹೆಚ್ಚಿನವರು ಮಾಡುವುದು ಎರಡೇ ಕೆಲಸ. ಅದರ ಮೇಲೆ ಮತ್ತೆ ಮತ್ತೆ ಡಬಲ್ ಕ್ಲಿಕ್ ಮಾಡುತ್ತಾರೆ. ಅದಕ್ಕೂ ಜಗ್ಗದಿದ್ದರೆ ‘ಜಿಪ್ ರಿಪೇರಿ’ ಎಂದು ಹುಡುಕಿ, ಮೊದಲು ಸಿಕ್ಕಿದ ಸಾಫ್ಟ್‌ವೇರ್ ಹಾಕಿಕೊಳ್ಳುತ್ತಾರೆ. ಮೊದಲನೆಯದರಿಂದ ಹೊತ್ತು ಹಾಳು, ಎರಡನೆಯದರಿಂದ ಕಂಪ್ಯೂಟರೇ ಹಾಳು.

ತೊಂದರೆ ಇರಬಹುದಾದ ಜಾಗ ನಾಲ್ಕು: ಬಂದ ಫೈಲು, ಬಿಚ್ಚುವ ಸಾಫ್ಟ್‌ವೇರು, ಬಿಚ್ಚಿಡುವ ಡಿಸ್ಕು, ಪಾಸ್‌ವರ್ಡು. ಕೊಡಗಿನಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ, ಮೊದಲ ಅನುಮಾನ ಬಂದ ಫೈಲಿನ ಮೇಲೆಯೇ ಇರಲಿ. ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ಡೌನ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ. ಹಾಗೆ ಅರ್ಧ ಬಂದ ಫೈಲನ್ನು ಯಾವ ಸಾಫ್ಟ್‌ವೇರೂ ಪೂರ್ತಿ ಮಾಡಿಕೊಡಲಾರದು.

ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ ಹೊಂದುವ ಕ್ರಮ.

ಮೊದಲು ಇಷ್ಟು ಮಾಡಿ

7-ಜಿಪ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ. ಇಗೋರ್ ಪಾವ್ಲೋವ್ ಬರೆದದ್ದು, 1999ರಿಂದ ಇದೆ. ಜಿಪ್, ಅದರಂಥವೇ ಬೇರೆ ಬಗೆಗಳಾದ ರಾರ್, 7ಝಡ್, ಟಾರ್ ಎಲ್ಲವನ್ನೂ ಬಿಚ್ಚುತ್ತದೆ. ಅದರ ಅಸಲಿ ತಾಣ ‘7-ಜಿಪ್ ಡಾಟ್ ಆರ್ಗ್’. ಏಳಕ್ಕೂ ಜಿಪ್‌ಗೂ ನಡುವೆ ಅಡ್ಡಗೆರೆ ಇರಬೇಕು. ಗೆರೆಯಿಲ್ಲದ, ಡಾಟ್ ಕಾಮ್ ಇರುವ ತಾಣಗಳಿಂದ ಇಳಿಸಿಕೊಳ್ಳಬೇಡಿ.

ಆಮೇಲೆ ಸಿ ಅಥವಾ ಡಿ ಡ್ರೈವಿನಲ್ಲಿ ಒಂದೇ ಅಕ್ಷರದ ಹೆಸರಿನ ಫೋಲ್ಡರ್ ಮಾಡಿ, ಜಿಪ್ಪನ್ನು ಅಲ್ಲಿಗೆ ಕಾಪಿ ಮಾಡಿ. ಪೆನ್‌ಡ್ರೈವಿನಲ್ಲೋ ಒನ್‌ಡ್ರೈವ್ ಫೋಲ್ಡರಿನಲ್ಲೋ ಇಟ್ಟುಕೊಂಡೇ ಬಿಚ್ಚಲು ಹೋಗಬೇಡಿ. ಒನ್‌ಡ್ರೈವಿನಲ್ಲಿ ಹೆಸರಿನ ಪಕ್ಕ ಮೋಡದ ಚಿತ್ರ ಕಂಡರೆ ಫೈಲ್ ನಿಮ್ಮ ಕಂಪ್ಯೂಟರಿನಲ್ಲಿ ಇಲ್ಲವೇ ಇಲ್ಲ, ಹೆಸರು ಮಾತ್ರ ಇದೆ. ರೈಟ್ ಕ್ಲಿಕ್ ಮಾಡಿ ‘ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್’ ಒತ್ತಿ, ಪೂರ್ತಿ ಇಳಿಯುವವರೆಗೆ ಕಾಯಿರಿ.

ಈಗ ಕಾಪಿಯ ಮೇಲೆ ರೈಟ್ ಕ್ಲಿಕ್ ಮಾಡಿ, 7-ಜಿಪ್ ಮೆನುವಿನಲ್ಲಿ ‘ಟೆಸ್ಟ್ ಆರ್ಕೈವ್’ ಒತ್ತಿ. ವಿಂಡೋಸ್ 11ರಲ್ಲಿ ಆ ಮೆನು ಕಾಣದಿದ್ದರೆ ‘ಶೋ ಮೋರ್ ಆಪ್ಷನ್ಸ್’ ಒಳಗೆ ನೋಡಿ. ಟೆಸ್ಟ್ ಏನನ್ನೂ ಬಿಚ್ಚಿಡುವುದಿಲ್ಲ. ಒಳಗಿನ ಪ್ರತಿ ಫೈಲನ್ನೂ ಓದಿ ಸರಿಯಿದೆಯೇ ಎಂದು ನೋಡುತ್ತದೆ ಅಷ್ಟೆ. ತಪ್ಪಿಲ್ಲ ಎಂದು ಬಂದರೆ ಫೈಲ್ ಚೆನ್ನಾಗಿದೆ, ಕೊರತೆ ಇರುವುದು ಜಾಗದಲ್ಲಿ ಅಥವಾ ನೀವು ಇಷ್ಟರವರೆಗೆ ಬಳಸುತ್ತಿದ್ದ ಸಾಫ್ಟ್‌ವೇರಿನಲ್ಲಿ. ತಪ್ಪು ಬಂದರೆ ಆ ಸಂದೇಶವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನದ್ದೆಲ್ಲ ಆ ಒಂದು ಸಾಲಿನ ಮೇಲೆ ನಿಂತಿದೆ.

ಅರ್ಧ ಬಂದ ಫೈಲು

‘ಅನೆಕ್ಸ್‌ಪೆಕ್ಟೆಡ್ ಎಂಡ್ ಆಫ್ ಡೇಟಾ’, ‘ಹೆಡರ್ಸ್ ಎರರ್’, ವಿಂಡೋಸ್‌ನದೇ ಆದ ‘ಕಂಪ್ರೆಸ್ಡ್ ಫೋಲ್ಡರ್ ಈಸ್ ಇನ್‌ವ್ಯಾಲಿಡ್’: ಈ ಮೂರೂ ಬಹುಪಾಲು ಒಂದೇ ಮಾತನ್ನು ಹೇಳುತ್ತಿವೆ. ಬಾಲ ಕಡಿದಿದೆ.

ಜಿಪ್‌ನಲ್ಲಿ ಒಳಗೇನಿದೆ ಎಂಬ ಪಟ್ಟಿ ಇರುವುದು ಫೈಲಿನ ಕಟ್ಟಕಡೆಯಲ್ಲಿ. ಕಾಫಿ ಮೂಟೆಯ ಬಾಯಿಗೆ ಹೊಲಿದ ಚೀಟಿಯ ಹಾಗೆ. ಮೂಟೆ ಅರ್ಧಕ್ಕೆ ಹರಿದು ಬಂದರೆ ಚೀಟಿ ಆಚೆಯೇ ಉಳಿಯಿತು. ಆದ್ದರಿಂದ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಇಳಿದಿದ್ದರೂ ವಿಂಡೋಸ್ ಅದನ್ನು ಜಿಪ್ ಎಂದೇ ಒಪ್ಪುವುದಿಲ್ಲ.

ಖಚಿತ ಮಾಡಿಕೊಳ್ಳುವುದು ಹೀಗೆ:

1. ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್. ‘ಸೈಜ್’ ಎಂಬಲ್ಲಿ ಆವರಣದೊಳಗೆ ಬೈಟ್‌ಗಳ ಲೆಕ್ಕವಿರುತ್ತದೆ. ಕೆಳಗಿನ ‘ಸೈಜ್ ಆನ್ ಡಿಸ್ಕ್’ ಬೇಡ.
2. ಕಳುಹಿಸಿದವರ ಬಳಿಯೂ ಅದೇ ಲೆಕ್ಕ ಕೇಳಿ. ಒಂದು ಬೈಟ್ ವ್ಯತ್ಯಾಸ ಇದ್ದರೂ ಮತ್ತೆ ಇಳಿಸಿಕೊಳ್ಳಬೇಕು.
3. ಜಿಬಿ ಲೆಕ್ಕ ನಂಬಬೇಡಿ. ಕೆಲವು ತಾಣಗಳಲ್ಲಿ 5 ಜಿಬಿ ಎಂದು ಬರೆದದ್ದು, ಅಂದರೆ 500 ಕೋಟಿ ಬೈಟ್, ವಿಂಡೋಸಿನಲ್ಲಿ 4.65 ಜಿಬಿ ಎಂದೇ ಕಾಣುತ್ತದೆ. ಅದು ಕೊರತೆಯಲ್ಲ, ಎಣಿಸುವ ರೀತಿ ಬೇರೆ.
4. ಬೈಟ್ ಲೆಕ್ಕವೂ ಸರಿಯಿದ್ದು ಫೈಲ್ ತೆರೆಯದಿದ್ದರೆ ಇಬ್ಬರೂ ರೈಟ್ ಕ್ಲಿಕ್ ಮೆನುವಿನ ‘ಸಿಆರ್‌ಸಿ ಶಾ’ ಒಳಗೆ ‘ಶಾ-256’ ಒತ್ತಿ. ಫೈಲಿನ ಗುರುತಾಗಿ ಬರುವ ಉದ್ದದ ಸಂಖ್ಯೆಯ ಮೊದಲ ಆರು, ಕೊನೆಯ ಆರು ಅಕ್ಷರ ಫೋನಿನಲ್ಲಿ ಓದಿ ಹೇಳಿದರೂ ಸಾಕು. ಎರಡೂ ಒಂದೇ ಆದರೆ ಫೈಲ್ ಹೊರಟ ಹಾಗೆಯೇ ಬಂದಿದೆ, ಅಲ್ಲೇ ಕೆಟ್ಟಿದೆ. ಇಂಥ ಫೈಲನ್ನು ಹತ್ತು ಸಲ ಡೌನ್‌ಲೋಡ್ ಮಾಡಿದರೂ ಪ್ರಯೋಜನವಿಲ್ಲ. ಅವರೇ ಹೊಸದಾಗಿ ಜಿಪ್ ಮಾಡಿ ಕಳುಹಿಸಬೇಕು.

ಫೈಲಿನ ಗಾತ್ರ ಬರೇ ಕೆಲವು ಕೆಬಿ ಇದ್ದರೆ ಕಥೆಯೇ ಬೇರೆ. ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಅಸಲಿ ಜಿಪ್‌ನ ಮೊದಲ ಎರಡು ಅಕ್ಷರ ಇಂಗ್ಲಿಷಿನ ಪಿ ಮತ್ತು ಕೆ: 1989ರಲ್ಲಿ ಈ ವಿಧಾನವನ್ನು ತಂದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು, ಇಂದಿಗೂ ಪ್ರತಿ ಜಿಪ್‌ನ ನೆತ್ತಿಯ ಮೇಲಿವೆ. ಅದರ ಬದಲು ‘ಡಾಕ್‌ಟೈಪ್’, ‘ಎಚ್‌ಟಿಎಂಎಲ್’ ಎಂದು ಕಂಡರೆ ಇಳಿದಿರುವುದು ಜಿಪ್ ಅಲ್ಲ, ಲಾಗಿನ್ ಕೇಳುವ ವೆಬ್ ಪುಟ. ಲಾಗಿನ್ ಆಗಿ, ಬ್ರೌಸರಿನಲ್ಲೇ ಲಿಂಕ್ ತೆರೆದು ಇಳಿಸಿ.

ಹೆಸರಿನ ಕೊನೆಗೆ ‘ಸಿಆರ್‌ಡೌನ್‌ಲೋಡ್’ ಅಥವಾ ಫೈರ್‌ಫಾಕ್ಸಿನಲ್ಲಾದರೆ ‘ಪಾರ್ಟ್’ ಎಂದಿದ್ದರೆ ಅದು ಇನ್ನೂ ಇಳಿಯುತ್ತಿರುವ ಫೈಲು. ಹೆಸರು ಬದಲಿಸಿ ಜಿಪ್ ಎಂದು ಕರೆದ ಮಾತ್ರಕ್ಕೆ ಜಿಪ್ ಆಗದು. ಬ್ರೌಸರಿನಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿ ‘ರೆಸ್ಯೂಮ್’ ಇದೆಯೇ ನೋಡಿ. ಇದ್ದರೆ ನಿಂತಲ್ಲಿಂದ ಮುಂದುವರಿಯುತ್ತದೆ, ಇಲ್ಲದಿದ್ದರೆ ಮೊದಲಿನಿಂದ.

ಮತ್ತೆ ಇಳಿಸುವಾಗ ಡೆಸ್ಕ್‌ಟಾಪನ್ನು ಮಾತ್ರ ಯುಪಿಎಸ್‌ಗೆ ಹಾಕಿದರೆ ಸಾಲದು, ರೂಟರನ್ನೂ ಹಾಕಿ. ಕಂಪ್ಯೂಟರ್ ಉರಿಯುತ್ತಿದ್ದು ರೂಟರ್ ಆರಿದರೆ ಡೌನ್‌ಲೋಡ್ ಕಡಿಯುವುದು ಹಾಗೆಯೇ. ಎರಡು ಮೂರು ಜಿಬಿಯ ಫೈಲನ್ನು ಭಾಗಮಂಡಲದ ಮನೆಯ ಜಗಲಿಯಲ್ಲಿ ಹಾಟ್‌ಸ್ಪಾಟ್ ಹಿಡಿದು ಇಳಿಸುವ ಬದಲು ಮಡಿಕೇರಿಗೋ ವಿರಾಜಪೇಟೆಗೋ ಹೋದಾಗ ಒಳ್ಳೆಯ ಫೈಬರ್ ಇರುವಲ್ಲಿ ಪೆನ್‌ಡ್ರೈವಿಗೆ ಇಳಿಸಿ ತರುವುದೇ ವಾಸಿ. ತರುವ ಮುನ್ನ ಅಲ್ಲೇ ಟೆಸ್ಟ್ ಮಾಡಿ, ‘ಇಜೆಕ್ಟ್’ ಒತ್ತಿ ಆಮೇಲೆ ಪೆನ್‌ಡ್ರೈವ್ ಕೀಳಿ. ಕಾಪಿ ಮುಗಿದಂತೆ ಕಂಡರೂ ಕೊನೆಯ ತುಣುಕು ಇನ್ನೂ ಬರೆಯುತ್ತಿರಬಹುದು, ಜಿಪ್‌ಗೆ ಜೀವ ಇರುವುದೇ ಆ ಕೊನೆಯ ತುಣುಕಿನಲ್ಲಿ.

ಸಿಆರ್‌ಸಿ ತಪ್ಪು: ಒಂದೇ ಫೈಲೋ, ಬೇರೆ ಬೇರೆಯೋ?

ಜಿಪ್ ಮಾಡುವಾಗ ಒಳಗಿನ ಪ್ರತಿ ಫೈಲಿಗೂ ಸಿಆರ್‌ಸಿ ಎಂಬ ತಾಳೆ ಸಂಖ್ಯೆ ಬರೆದಿಡುತ್ತಾರೆ. ಬಿಚ್ಚಿದಾಗ ಸಿಕ್ಕಿದ್ದು ಅದಕ್ಕೆ ಹೊಂದದಿದ್ದರೆ ‘ಸಿಆರ್‌ಸಿ ಫೇಲ್ಡ್’ ಅಥವಾ ‘ಡೇಟಾ ಎರರ್’ ಬರುತ್ತದೆ. ಇಲ್ಲಿ ಅವಸರ ಪಡದೆ ಟೆಸ್ಟನ್ನು ಮೂರು ಸಲ ಮಾಡಿ.

ಮೂರು ಸಲವೂ ಅದೇ ಫೈಲಿನ ಹೆಸರು ಬಂದರೆ ಕೆಟ್ಟಿರುವುದು ಜಿಪ್ಪೇ, ಮತ್ತೆ ತರಿಸಿ. ಒಂದೊಂದು ಸಲ ಒಂದೊಂದು ಫೈಲ್ ಕೆಟ್ಟಿದೆ ಎಂದು ಬಂದರೆ ಜಿಪ್ ಅಲ್ಲ, ನಿಮ್ಮ ಕಂಪ್ಯೂಟರೇ ತಪ್ಪು ಓದುತ್ತಿದೆ. ಹೆಚ್ಚಾಗಿ ರ್‍ಯಾಮ್, ಕೆಲವೊಮ್ಮೆ ಕೇಬಲ್. ಸ್ಟಾರ್ಟ್ ಮೆನುವಿನಲ್ಲಿ ‘ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್’ ಹುಡುಕಿ ಓಡಿಸಿ. ತಿಂಗಳುಗಟ್ಟಲೆ ತೇವದಲ್ಲಿ ನಿಂತ ಹಳೆಯ ಡೆಸ್ಕ್‌ಟಾಪ್ ಆದರೆ ರ್‍ಯಾಮ್ ಪಟ್ಟಿಯನ್ನು ತೆಗೆದು ಅದರ ಹೊಳೆಯುವ ಅಂಚನ್ನು ಒರೆಸಿ ಗಟ್ಟಿಯಾಗಿ ಕೂರಿಸಿದರೆ ಸಾಕಾಗಬಹುದು. ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಿ.

ಇದೇ ಹೆಸರಿನ ಇನ್ನೊಂದು ತಪ್ಪಿದೆ, ಗೊಂದಲ ಬೇಡ. ಫೈಲ್ ಕಾಪಿ ಮಾಡುವಾಗಲೇ ವಿಂಡೋಸ್ ‘ಡೇಟಾ ಎರರ್, ಸೈಕ್ಲಿಕ್ ರಿಡಂಡೆನ್ಸಿ ಚೆಕ್’ ಎಂದರೆ ಜಿಪ್ ಪಾಪ, ಅದರದ್ದೇನೂ ತಪ್ಪಿಲ್ಲ. ಡಿಸ್ಕನ್ನೋ ಪೆನ್‌ಡ್ರೈವನ್ನೋ ಓದಲಾಗುತ್ತಿಲ್ಲ. ಬೇರೆಲ್ಲ ಬಿಟ್ಟು ಅದರಲ್ಲಿರುವ ಮುಖ್ಯ ಕಡತಗಳನ್ನು ಮೊದಲು ಬೇರೆ ಕಡೆಗೆ ಸಾಗಿಸಿ.

ಜಾಗದ ತೊಂದರೆ

ಫೈಲ್ ಸರಿಯಿದ್ದೂ ಬಿಚ್ಚುವುದು ನಡುವೆ ನಿಂತರೆ ಮೂರು ಲೆಕ್ಕ ನೋಡಿ.

ಮೊದಲನೆಯದು ಖಾಲಿ ಜಾಗ. 7-ಜಿಪ್‌ನಲ್ಲಿ ಜಿಪ್ ತೆರೆದು ಎಲ್ಲವನ್ನೂ ಆಯ್ದು ‘ಇನ್ಫೋ’ ಒತ್ತಿದರೆ ಬಿಚ್ಚಿದ ಮೇಲಿನ ಗಾತ್ರ ತಿಳಿಯುತ್ತದೆ. ಫೋಟೋಗಳು ಜಿಪ್ ಆದರೂ ಹೆಚ್ಚು ಕುಗ್ಗುವುದಿಲ್ಲ, ಎಕ್ಸೆಲ್‌ಗೆ ಬರುವ ಸಿಎಸ್‌ವಿ ಪಟ್ಟಿಗಳು ಹತ್ತು ಪಟ್ಟು ಹಿಗ್ಗಬಹುದು. ಇನ್ನೊಂದು ಸೂಕ್ಷ್ಮ: 7-ಜಿಪ್ ಕಿಟಕಿಯಿಂದ ಫೈಲನ್ನು ಮೌಸಿನಲ್ಲಿ ಎಳೆದು ಡಿ ಡ್ರೈವಿಗೆ ಹಾಕಿದರೂ ಅದು ಮೊದಲು ಸಿ ಡ್ರೈವಿನ ಟೆಂಪ್ ಫೋಲ್ಡರಿನಲ್ಲಿ ಬಿಚ್ಚಿಕೊಂಡು ಆಮೇಲೆ ಸಾಗುತ್ತದೆ. ಡಿ ಖಾಲಿ ಇದ್ದೂ ‘ಜಾಗವಿಲ್ಲ’ ಎನ್ನುವುದು ಇದರಿಂದ. ಎಳೆಯಬೇಡಿ, ‘ಎಕ್ಸ್‌ಟ್ರ್ಯಾಕ್ಟ್’ ಬಟನ್ ಒತ್ತಿ ಜಾಗ ತೋರಿಸಿ.

ಎರಡನೆಯದು ಪೆನ್‌ಡ್ರೈವಿನ ಫ್ಯಾಟ್32, ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಒಂದು ಹಳೆಯ ಬಗೆ. ಈ ಬಗೆಯಲ್ಲಿ ಒಂದು ಫೈಲ್ 4,29,49,67,295 ಬೈಟ್, ಅಂದರೆ 4 ಜಿಬಿಗೆ ಒಂದು ಬೈಟ್ ಕಡಿಮೆ ಇರಬಹುದು, ಅದಕ್ಕಿಂತ ದೊಡ್ಡದು ಕೂರುವುದಿಲ್ಲ. 60 ಜಿಬಿ ಖಾಲಿ ಇದ್ದರೂ ಅಷ್ಟೆ. ಮದುವೆಯ ವಿಡಿಯೋ ಇರುವ ಜಿಪ್‌ಗಳು ಸಿಕ್ಕಿಬೀಳುವುದು ಇಲ್ಲೇ. ಒಳಗಿರುವುದನ್ನೆಲ್ಲ ಬೇರೆಡೆ ಉಳಿಸಿಕೊಂಡು ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್ ಎಂಬ ಹೊಸ ಬಗೆಗೆ ಫಾರ್ಮ್ಯಾಟ್ ಮಾಡಿ. ಹಳೆಯ ಕೆಲವು ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ ಎಂಬುದು ನೆನಪಿರಲಿ.

ಮೂರನೆಯದು ಹೆಸರಿನ ಉದ್ದ, ಕನ್ನಡದಲ್ಲಿ ಹೆಸರಿಡುವವರಿಗೆ ಹೆಚ್ಚು ಕಾಡುವಂಥದ್ದು. ವಿಂಡೋಸ್‌ನ ಹಳೆಯ ನಿಯಮದಂತೆ ಡ್ರೈವಿನಿಂದ ಹಿಡಿದು ಫೋಲ್ಡರುಗಳನ್ನೆಲ್ಲ ದಾಟಿ ಫೈಲಿನ ಕೊನೆಯವರೆಗೆ 260 ಚಿಹ್ನೆ ಮೀರಬಾರದು. ಮೀರಿದರೆ ‘ಪಾತ್ ಟೂ ಲಾಂಗ್’. ಕನ್ನಡದ ಒತ್ತು, ಗುಣಿತ, ವಿರಾಮ ಎಲ್ಲವೂ ಬೇರೆ ಬೇರೆ ಚಿಹ್ನೆಯಾಗಿ ಎಣಿಕೆಯಾಗುತ್ತವೆ: ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡಕ್ಷರ, ಕಂಪ್ಯೂಟರಿಗೆ ಏಳು. ಮೊಬೈಲಿನಲ್ಲಿ ಇನ್ನೂ ಇಕ್ಕಟ್ಟು. ಅಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಒಂದು ಚಿಹ್ನೆಗೆ 3 ಬೈಟ್, ಅಲ್ಲಿಗೆ 85 ಚಿಹ್ನೆಗೇ ಮುಗಿಯಿತು. ಮೊದಲೇ ಹೇಳಿದ ಒಂದಕ್ಷರದ ಫೋಲ್ಡರಿನಲ್ಲಿ ಬಿಚ್ಚಿದರೆ ಕಂಪ್ಯೂಟರಿನ ಸಮಸ್ಯೆ ಬಹುತೇಕ ಅಲ್ಲೇ ತೀರುತ್ತದೆ.

ಮ್ಯಾಕ್ ಅಥವಾ ಲಿನಕ್ಸಿನಿಂದ ಬಂದ ಜಿಪ್‌ನಲ್ಲಿ ಫೈಲಿನ ಹೆಸರಿನೊಳಗೆ ಪ್ರಶ್ನಾರ್ಥಕ ಚಿಹ್ನೆಯೋ ಕೋಲನ್ನೋ ಇದ್ದರೆ ವಿಂಡೋಸ್ ಒಪ್ಪುವುದಿಲ್ಲ. 7-ಜಿಪ್ ಅವುಗಳ ಜಾಗದಲ್ಲಿ ಅಡಿಗೆರೆ ಹಾಕಿ ಬಿಚ್ಚುತ್ತದೆ. ಮ್ಯಾಕ್‌ನಿಂದ ಬಂದದ್ದರಲ್ಲಿ ‘ಮ್ಯಾಕ್ಒಎಸ್ಎಕ್ಸ್’ ಎಂಬ ಒಂದು ಹೆಚ್ಚಿನ ಫೋಲ್ಡರ್ ಇರುತ್ತದೆ, ಅಳಿಸಿದರೂ ನಷ್ಟವಿಲ್ಲ.

ಹೆಸರು ಕಲಸಿಹೋಗಿದೆ, ಅಕ್ಷರ ಓದಲಾಗುತ್ತಿಲ್ಲ

ಬಿಚ್ಚಿದ ಮೇಲೆ ಫೈಲುಗಳ ಕನ್ನಡ ಹೆಸರು ಗೆರೆ-ಚೌಕಗಳಾಗಿ ಕಂಡರೆ ಒಳಗಿನ ಮಾಹಿತಿ ಕೆಟ್ಟಿಲ್ಲ. ಜಿಪ್ ಹುಟ್ಟಿದ ಕಾಲಕ್ಕೆ ಯುನಿಕೋಡ್, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಇರುವ ಒಂದೇ ಸಂಕೇತ ಪದ್ಧತಿ, ಇರಲಿಲ್ಲ. ಹೆಸರು ಯುನಿಕೋಡಿನಲ್ಲಿದೆ ಎಂದು ಜಿಪ್‌ನೊಳಗೆ ಒಂದು ಗುರುತು ಹಾಕಬೇಕು, ಹಳೆಯ ಸಾಫ್ಟ್‌ವೇರುಗಳು ಹಾಕುವುದಿಲ್ಲ. ಕಳುಹಿಸುವವರು 7-ಜಿಪ್‌ನಲ್ಲಿ ‘7ಝಡ್’ ಬಗೆ ಆರಿಸಿ ಕಟ್ಟಿದರೆ ಈ ಗೋಳಿಲ್ಲ.

ಹೆಸರು ಸರಿಯಿದ್ದು, ವರ್ಡ್ ಫೈಲಿನೊಳಗಿನ ಕನ್ನಡ ಮಾತ್ರ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಂಡರೆ ಅದು ‘ನುಡಿ’ ಅಥವಾ ‘ಬರಹ’ ಎಂಬ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಕಡತ. ಜಿಪ್ಪನ್ನು ದೂರಬೇಡಿ, ಆ ಫಾಂಟ್ ಹಾಕಿಕೊಳ್ಳಿ, ಅಥವಾ ಯುನಿಕೋಡಿಗೆ ಬದಲಿಸಿ ಕೊಡಿ ಎಂದು ಕೇಳಿ.

ಭಾಗಗಳಾಗಿ ಬಂದದ್ದು

ಇಲ್ಲಿ ಎರಡು ಬಗೆ ಇದೆ, ಎರಡನ್ನೂ ಒಂದೇ ಎಂದುಕೊಂಡು ಪರದಾಡುವವರೇ ಹೆಚ್ಚು.

‘ಪಾರ್ಟ್1 ಡಾಟ್ ರಾರ್, ಪಾರ್ಟ್2 ಡಾಟ್ ರಾರ್’, ಇಲ್ಲವೇ ‘7ಝಡ್ ಡಾಟ್ 001, 002’ ಎಂದಿದ್ದರೆ ಅದು ಒಂದೇ ಫೈಲನ್ನು ತುಂಡರಿಸಿದ್ದು. ಎಲ್ಲ ತುಂಡೂ ಒಂದೇ ಫೋಲ್ಡರಿನಲ್ಲಿ, ಹೆಸರು ಕಿಂಚಿತ್ತೂ ಬದಲಾಗದೆ ಇರಬೇಕು. ಎರಡನೇ ಸಲ ಇಳಿಸಿದಾಗ ಬ್ರೌಸರ್ ಹೆಸರಿಗೆ ತಾನೇ ‘(1)’ ಸೇರಿಸಿದ್ದರೆ ಹೆಸರಿನಿಂದ ಅದನ್ನು ಅಳಿಸಿ. ಆಮೇಲೆ ಮೊದಲನೆಯದನ್ನು ಮಾತ್ರ ಬಿಚ್ಚಿ, ಉಳಿದವನ್ನು ಅದೇ ಹುಡುಕಿಕೊಳ್ಳುತ್ತದೆ. ‘ಝಡ್01, ಝಡ್02’ ಎಂಬ ಬಗೆಯಲ್ಲಿ ಮಾತ್ರ ಕೊನೆಯ ತುಂಡಿಗೆ ‘ಜಿಪ್’ ಎಂಬ ಹೆಸರು ಇರುತ್ತದೆ, ತೆರೆಯಬೇಕಾದ್ದು ಅದನ್ನೇ. ಕೊನೆಯದೊಂದನ್ನು ಬಿಟ್ಟು ಉಳಿದ ತುಂಡುಗಳ ಗಾತ್ರ ಒಂದೇ ಇರಬೇಕು. ನಡುವಿನದೊಂದು ಸಣ್ಣದಾಗಿದ್ದರೆ ಅದೊಂದನ್ನೇ ಮತ್ತೆ ಇಳಿಸಿ.

ಗೂಗಲ್ ಡ್ರೈವಿನಿಂದ ದೊಡ್ಡ ಫೋಲ್ಡರ್ ಇಳಿಸಿದಾಗ, ಗೂಗಲ್ ಖಾತೆಯಲ್ಲಿರುವುದನ್ನೆಲ್ಲ ಇಳಿಸಿಕೊಳ್ಳುವ ‘ಟೇಕ್‌ಔಟ್’ ಮಾಡಿದಾಗ ಬರುವ 001, 002 ಹಾಗಲ್ಲ. ಪ್ರತಿಯೊಂದೂ ಪೂರ್ಣವಾದ ಬೇರೆ ಜಿಪ್. ಒಂದನ್ನು ಬಿಚ್ಚಿ ‘ಅರ್ಧ ಫೋಟೋ ಇಲ್ಲ’ ಎಂದು ಮದುವೆಯ ಫೋಟೋಗ್ರಾಫರಿಗೆ ಫೋನ್ ಮಾಡುವ ಮುನ್ನ ಎಲ್ಲ ಜಿಪ್‌ಗಳನ್ನೂ ಒಟ್ಟಿಗೆ ಆಯ್ದು, ಒಂದೇ ಫೋಲ್ಡರಿಗೆ ಬಿಚ್ಚಿ. ಒಂದೇ ಹೆಸರಿನ ಫೋಲ್ಡರುಗಳು ತಾವಾಗಿ ಸೇರಿಕೊಳ್ಳುತ್ತವೆ. ನೆಟ್‌ವರ್ಕ್ ತೀರಾ ಸಪ್ಪೆಯಿದ್ದರೆ ಡ್ರೈವಿನ ಫೋಟೋಗಳನ್ನು ಐವತ್ತು ಐವತ್ತಾಗಿ ಆಯ್ದು ಇಳಿಸಿ. ಕಡಿದರೂ ನಷ್ಟ ಐವತ್ತಕ್ಕೇ ನಿಲ್ಲುತ್ತದೆ.

ಪಾಸ್‌ವರ್ಡ್

ಸರಿಯಾದ ಪಾಸ್‌ವರ್ಡ್ ಕೊಟ್ಟರೂ ವಿಂಡೋಸ್ ‘ಅನ್‌ಸ್ಪೆಸಿಫೈಡ್ ಎರರ್’ ಎನ್ನುತ್ತದೆಯೇ? ಜಿಪ್‌ಗೆ ಎಇಎಸ್ ಎಂಬ ಗೂಢಲಿಪಿಯ ಬೀಗ ಹಾಕಿದ್ದಾರೆ, ವಿಂಡೋಸಿನ ಸ್ವಂತ ‘ಎಕ್ಸ್‌ಟ್ರ್ಯಾಕ್ಟ್ ಆಲ್’ಗೆ ಅದು ಅರ್ಥವಾಗುತ್ತಿಲ್ಲ. 7-ಜಿಪ್‌ನಲ್ಲಿ ತೆರೆಯಿರಿ, ಮುಗಿಯಿತು.

7-ಜಿಪ್ ಕೂಡ ‘ರಾಂಗ್ ಪಾಸ್‌ವರ್ಡ್’ ಎಂದರೆ ನೋಡಬೇಕಾದ್ದು: ಕ್ಯಾಪ್ಸ್ ಲಾಕ್, ಕೀಬೋರ್ಡ್ ಕನ್ನಡಕ್ಕೆ ತಿರುಗಿದೆಯೇ (ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಬದಲಿಸಿ), ವಾಟ್ಸಾಪಿನಿಂದ ಕಾಪಿ ಮಾಡುವಾಗ ಕೊನೆಗೆ ಒಂದು ಖಾಲಿ ಜಾಗ ಅಂಟಿಕೊಂಡಿತೇ. ‘ಶೋ ಪಾಸ್‌ವರ್ಡ್’ ಗುರುತು ಹಾಕಿ, ಕಣ್ಣಿಗೆ ಕಾಣುವಂತೆ ಕೈಯಲ್ಲೇ ಟೈಪ್ ಮಾಡಿ. ಆಧಾರ್‌ನ ಆಫ್‌ಲೈನ್ ಇ-ಕೆವೈಸಿ ಜಿಪ್‌ಗೆ ಪಾಸ್‌ವರ್ಡ್ ಎಂದರೆ ಇಳಿಸುವಾಗ ನೀವೇ ಕೊಟ್ಟ ನಾಲ್ಕಕ್ಷರದ ಶೇರ್ ಕೋಡ್. ಹೆಸರಿನ ಮೊದಲ ನಾಲ್ಕಕ್ಷರ ಮತ್ತು ಹುಟ್ಟಿದ ವರ್ಷ ಸೇರಿಸುವುದು ಇ-ಆಧಾರ್ ಪಿಡಿಎಫ್‌ಗೆ, ಇದಕ್ಕಲ್ಲ. ಕೋಡ್ ಮರೆತರೆ ಹೊಸದಾಗಿ ಇಳಿಸಿ, ಎರಡು ನಿಮಿಷದ ಕೆಲಸ.

ಜಿಪ್‌ನೊಳಗಿನ ಫೈಲುಗಳ ಹೆಸರು ಪಾಸ್‌ವರ್ಡ್ ಇಲ್ಲದೆಯೂ ಕಾಣುತ್ತದೆ. ಆದ್ದರಿಂದ ‘ತೆರೆಯುತ್ತದೆ, ಆದರೆ ಬಿಚ್ಚುವುದಿಲ್ಲ’ ಎಂದರೆ ಅದು ಬೀಗವೂ ಆಗಿರಬಹುದು.

ಬಿಚ್ಚಿತು, ಆದರೆ ಕೆಲಸ ಮಾಡುತ್ತಿಲ್ಲ

ತೆರಿಗೆಯ ಎಕ್ಸೆಲ್ ಯುಟಿಲಿಟಿ ಜಿಪ್ ಆಗಿ ಬರುತ್ತದೆ, ಬಿಚ್ಚಿದ ಮೇಲೆ ಮ್ಯಾಕ್ರೋ (ಎಕ್ಸೆಲ್ ಒಳಗೆ ತಾನಾಗಿ ಕೆಲಸ ಮಾಡುವ ಆದೇಶಗಳು) ಓಡುವುದಿಲ್ಲ ಎಂದು ಕೆಂಪು ಪಟ್ಟಿ ಬರುತ್ತದೆ. ಇಂಟರ್‌ನೆಟ್‌ನಿಂದ ಬಂದ ಫೈಲಿಗೆ ವಿಂಡೋಸ್ ಒಂದು ಗುರುತು ಅಂಟಿಸುತ್ತದೆ; ಅಂಥ ಜಿಪ್ಪನ್ನು ವಿಂಡೋಸ್‌ನಲ್ಲಿ ಬಿಚ್ಚಿದರೆ ಒಳಗಿನ ಪ್ರತಿ ಫೈಲಿಗೂ ಗುರುತು ದಾಟುತ್ತದೆ, ಆಫೀಸ್ ಆ ಗುರುತು ಕಂಡು ಮ್ಯಾಕ್ರೋ ತಡೆಯುತ್ತದೆ. ಸರ್ಕಾರಿ ತಾಣದಿಂದಲೇ ಇಳಿಸಿದ್ದು ಎಂದು ಖಾತ್ರಿ ಇದ್ದರೆ ಬಿಚ್ಚುವ ಮುನ್ನ ಜಿಪ್‌ನ ಪ್ರಾಪರ್ಟೀಸ್‌ನಲ್ಲಿ ‘ಅನ್‌ಬ್ಲಾಕ್’ ಗುರುತು ಹಾಕಿ, ಆಮೇಲೆ ಬಿಚ್ಚಿ. ವಾಟ್ಸಾಪಿನಲ್ಲಿ ಯಾರೋ ಕಳುಹಿಸಿದ್ದಕ್ಕೆ ಹೀಗೆ ಮಾಡಬೇಡಿ.

ಜಿಪ್‌ನೊಳಗೇ ಡಬಲ್ ಕ್ಲಿಕ್ ಮಾಡಿ ತೆರೆದ ವರ್ಡ್ ಕಡತದಲ್ಲಿ ಗಂಟೆಗಟ್ಟಲೆ ಬರೆದು ಕಳೆದುಕೊಳ್ಳುವುದೂ ಸಾಮಾನ್ಯ. ಹಾಗೆ ತೆರೆದದ್ದು ಟೆಂಪ್‌ನಲ್ಲಿನ ತಾತ್ಕಾಲಿಕ ಪ್ರತಿ. ಬಿಚ್ಚಿ, ಆಮೇಲೆ ಬರೆಯಿರಿ.

ಬಿಚ್ಚಿದ ಕೂಡಲೇ ಒಂದು ಫೈಲ್ ಮಾಯವಾದರೆ ‘ವಿಂಡೋಸ್ ಸೆಕ್ಯುರಿಟಿ’ಯ ‘ಪ್ರೊಟೆಕ್ಷನ್ ಹಿಸ್ಟರಿ’ ನೋಡಿ. ಆಂಟಿವೈರಸ್ ಆಫ್ ಮಾಡಿ ಬಿಚ್ಚಿ ಎಂದು ಜಿಪ್ ಕೊಟ್ಟವರೇ ಹೇಳುತ್ತಿದ್ದರೆ ಆ ಜಿಪ್ ಅಳಿಸಿ.

7-ಜಿಪ್‌ನಂಥದೇ ಇನ್ನೊಂದು ಸಾಫ್ಟ್‌ವೇರ್ ಆದ ವಿನ್‌ರಾರ್ ಬಳಸುವವರು ‘ಹೆಲ್ಪ್’ನ ‘ಅಬೌಟ್’ನಲ್ಲಿ ಆವೃತ್ತಿ ನೋಡಿ. ಕಳ್ಳರು ಕಟ್ಟಿದ ಜಿಪ್‌ನೊಳಗಿನ ಫೈಲ್ ತೆರೆದರೆ ಅವರು ಒಳಬರುತ್ತಿದ್ದ ದೋಷವೊಂದನ್ನು 2023ರ 6.23ರಲ್ಲಿ, ಅವರು ಕಟ್ಟಿದ ರಾರ್ ಬಿಚ್ಚಿದರೆ ಒಳಬರುತ್ತಿದ್ದ ಇನ್ನೊಂದನ್ನು 2025ರ 7.13ರಲ್ಲಿ ಮುಚ್ಚಿದ್ದಾರೆ. ವಿನ್‌ರಾರ್ ತಾನಾಗಿ ಅಪ್‌ಡೇಟ್ ಆಗುವುದಿಲ್ಲ, 7-ಜಿಪ್ಪೂ ಅಷ್ಟೆ. ನೀವೇ ಹೊಸದನ್ನು ಹಾಕಬೇಕು.

ಮತ್ತೆ ತರಿಸಲಾಗದ ಫೈಲಾದರೆ

ಕಳುಹಿಸಿದವರ ಬಳಿಯೂ ಇಲ್ಲ, ಇರುವುದು ಇದೊಂದೇ ಕೆಟ್ಟ ಪ್ರತಿ ಎಂದಾಗ ಎಷ್ಟು ಸಿಗುತ್ತದೆ ಎಂಬುದು ಬಗೆಯ ಮೇಲೆ ನಿಂತಿದೆ. ಜಿಪ್‌ನಲ್ಲಿ ಪ್ರತಿ ಫೈಲೂ ಬೇರೆ ಬೇರೆ ಕುಗ್ಗಿರುತ್ತದೆ, ಒಂದು ಕೆಟ್ಟರೆ ಉಳಿದವು ಬದುಕುತ್ತವೆ. 7ಝಡ್‌ನಲ್ಲಿ ಸಾಮಾನ್ಯವಾಗಿ ಹಲವು ಫೈಲುಗಳನ್ನು ಒಂದೇ ಹೆಣಿಗೆಯಲ್ಲಿ ಕುಗ್ಗಿಸಿರುತ್ತಾರೆ, ನಡುವೆ ಒಂದು ಕಡೆ ಕೆಟ್ಟರೆ ಆ ಹೆಣಿಗೆಯ ಅಲ್ಲಿಂದ ಮುಂದಿನದ್ದೆಲ್ಲ ಹೋಗುತ್ತದೆ.

ಬಾಲ ಕಡಿದ ಜಿಪ್ಪನ್ನು ವಿನ್‌ರಾರ್‌ನಲ್ಲಿ ಆಯ್ದು ಆಲ್ಟ್ ಮತ್ತು ಆರ್ ಒತ್ತಿದರೆ, ಇಳಿದಷ್ಟು ಭಾಗದಲ್ಲಿರುವ ಫೈಲುಗಳಿಗೆ ಹೊಸ ಪಟ್ಟಿ ಕಟ್ಟಿ ‘ರೀಬಿಲ್ಟ್’ ಎಂಬ ಹೆಸರಿನ ಇನ್ನೊಂದು ಜಿಪ್ ಮಾಡಿಕೊಡುತ್ತದೆ. ಬಿಚ್ಚುವಾಗ ‘ಕೀಪ್ ಬ್ರೋಕನ್ ಫೈಲ್ಸ್’ ಗುರುತು ಹಾಕಿ. ಅರ್ಧ ಸಿಕ್ಕಿದ ಜೆಪಿಜಿ ಫೋಟೋದ ಮೇಲ್ಭಾಗ ಕಾಣುತ್ತದೆ. ಎಕ್ಸೆಲ್, ವರ್ಡ್ ಕಡತಗಳು ಮಾತ್ರ ಅರ್ಧ ಸಿಕ್ಕರೆ ಸಿಕ್ಕಂತಲ್ಲ, ಅವೂ ಒಳಗೊಳಗೆ ಜಿಪ್‌ಗಳೇ.

ನೀವು ಕಳುಹಿಸುವಾಗ

ಹೊರೂರಿನಿಂದ ಕೊಡಗಿಗೆ ಕಳುಹಿಸುವವರಿಗೂ ಇದನ್ನೇ ಹೇಳಿ. 7-ಜಿಪ್‌ನ ‘ಆಡ್ ಟು ಆರ್ಕೈವ್’ನಲ್ಲಿ ‘ಸ್ಪ್ಲಿಟ್ ಟು ವಾಲ್ಯೂಮ್ಸ್’ ಎಂಬಲ್ಲಿ 200 ಎಂದು ಬರೆದು ಪಕ್ಕಕ್ಕೆ ಇಂಗ್ಲಿಷಿನ ಎಂ ಸೇರಿಸಿದರೆ 200 ಎಂಬಿಯ ತುಂಡುಗಳಾಗುತ್ತವೆ. ಒಂದು ಕೆಟ್ಟರೆ ಅದೊಂದೇ ಮತ್ತೆ ಬಂದರಾಯಿತು. ಫೋಟೋ-ವಿಡಿಯೋ ಆದರೆ ‘ಕಂಪ್ರೆಷನ್ ಲೆವೆಲ್’ ‘ಸ್ಟೋರ್’ಗೆ ಇಡಿ, ಹೇಗೂ ಕುಗ್ಗುವುದಿಲ್ಲ, ಕಾಯುವ ಹೊತ್ತಾದರೂ ಉಳಿಯುತ್ತದೆ. ವಿನ್‌ರಾರ್ ಇದ್ದರೆ ರಾರ್ ಬಗೆಯಲ್ಲಿ ‘ಆಡ್ ರಿಕವರಿ ರೆಕಾರ್ಡ್’ ಹಾಕಿ, ಶೇಕಡಾ 3ರಿಂದ 5 ಸಾಕು. ಸಣ್ಣಪುಟ್ಟ ಹಾನಿಯನ್ನು ಆಮೇಲೆ ಅದೇ ಸರಿಪಡಿಸುತ್ತದೆ. ಪಾಸ್‌ವರ್ಡಿನಲ್ಲಿ ಕನ್ನಡ ಅಕ್ಷರ ಬೇಡ, ಬಿಚ್ಚುವ ಸಾಫ್ಟ್‌ವೇರ್ ಬೇರೆಯಾದರೆ ಹೊಂದದೆ ಹೋಗಬಹುದು. ಲಿಂಕಿನ ಜೊತೆಗೆ ತುಂಡುಗಳು ಎಷ್ಟು, ಒಟ್ಟು ಬೈಟ್ ಎಷ್ಟು ಎಂದು ಒಂದು ಸಾಲು ಬರೆದು ಕಳುಹಿಸಿ.